ಕ್ರೆಡಿಟ್ ಹಾಳಾಗಿದ್ದರೂ, ತೆರಿಗೆ ಬಾಕಿ ಇದ್ದರೂ ಅಮೆರಿಕದಲ್ಲಿ ಇನ್ಶೂರೆನ್ಸ್ ಏಜೆಂಟ್ ಆಗುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಅಮೆರಿಕದ ಹೆಚ್ಚಿನ ರಾಜ್ಯಗಳು ಬಳಸುವ ಏಜೆಂಟ್ ಲೈಸೆನ್ಸಿನ ಏಕರೂಪ ಅರ್ಜಿಯಲ್ಲಿ ಕ್ರೆಡಿಟ್ ಸ್ಕೋರ್ ಎಷ್ಟೆಂದು ಕೇಳುವ ಕಾಲಂ ಇಲ್ಲ. ಕ್ರೆಡಿಟ್ ಕಾರ್ಡ್ ಸಾಲ, ಕಟ್ಟದೆ ಉಳಿದ ಆಸ್ಪತ್ರೆ ಬಿಲ್, ಬ್ಯಾಂಕ್ ವಾಪಸ್ ಒಯ್ದ ಕಾರು, ಇವು ಯಾವುದನ್ನೂ ಅದು ವಿಚಾರಿಸುವುದಿಲ್ಲ. ಆದರೂ ಸ್ಕೋರ್ ಕಡಿಮೆ ಇದೆ ಎಂದು ಎಷ್ಟೋ ಮಂದಿ ಪರೀಕ್ಷೆಗೇ ಕೂರದೆ ಸುಮ್ಮನಾಗುತ್ತಾರೆ. ಇನ್ನು ಕೆಲವರು ಪರೀಕ್ಷೆ ಪಾಸಾಗಿ, ಲೈಸೆನ್ಸ್ ಕೈಗೆ ಬಂದ ಮೇಲೆ ಕಂಪನಿಯ ಬಾಗಿಲಲ್ಲಿ ನಿಂತುಬಿಡುತ್ತಾರೆ. ಇದಕ್ಕೆ ಕಾರಣ ಒಂದೇ: ಒಪ್ಪಿಗೆ ಎರಡು ಕಡೆಯಿಂದ ಬೇಕು, ಎರಡೂ ಕಡೆಯವರು ನೋಡುವುದು ಬೇರೆ ಬೇರೆ.

ಮೊದಲನೆಯದು ರಾಜ್ಯದ ವಿಮಾ ಇಲಾಖೆ. ಅಮೆರಿಕದಲ್ಲಿ ಏಜೆಂಟರಿಗೆ ಕೇಂದ್ರ ಸರ್ಕಾರದ ಲೈಸೆನ್ಸ್ ಎಂಬುದಿಲ್ಲ. 1945ರ ಮೆಕ್‌ಕ್ಯಾರನ್–ಫರ್ಗ್ಯುಸನ್ ಕಾಯ್ದೆಯ ಪ್ರಕಾರ ವಿಮೆಯ ನಿಯಂತ್ರಣ ರಾಜ್ಯಗಳದ್ದು. ನೀವು ಹೇಳಿದ್ದು ನಿಜವೇ, ರಾಜ್ಯಕ್ಕೆ ಕೊಡಬೇಕಾದ ತೆರಿಗೆಗೆ ಒಂದು ವ್ಯವಸ್ಥೆ ಮಾಡಿಕೊಂಡಿದ್ದೀರಾ, ಬೇರೆಯವರ ದುಡ್ಡನ್ನು ನುಂಗಿದ ಚರಿತ್ರೆ ಇದೆಯೇ, ಇಲಾಖೆ ನೋಡುವುದು ಇಷ್ಟನ್ನು. ಎರಡನೆಯದು ವಿಮಾ ಕಂಪನಿ. ಲೈಸೆನ್ಸ್ ಸಿಕ್ಕ ಮಾತ್ರಕ್ಕೆ ಪಾಲಿಸಿ ಮಾರಲಾಗದು. ಕಂಪನಿ ನಿಮ್ಮೊಡನೆ ಒಪ್ಪಂದ ಮಾಡಿಕೊಂಡು, ಬಹುತೇಕ ರಾಜ್ಯಗಳಲ್ಲಿ ನೀವು ತನ್ನ ಏಜೆಂಟ್ ಎಂಬ ನೇಮಕವನ್ನು, ಅಂದರೆ ಇಲಾಖೆಗೆ ‘ಅಪಾಯಿಂಟ್‌ಮೆಂಟ್’ ದಾಖಲಿಸಬೇಕು. ಕ್ರೆಡಿಟ್ ರಿಪೋರ್ಟ್ ತೆಗೆಸುವುದು ಸಾಮಾನ್ಯವಾಗಿ ಈ ಹಂತದಲ್ಲಿ. ಕಂಪನಿಯ ಲೆಕ್ಕಾಚಾರ ಬೇರೆ: ಈ ಮನುಷ್ಯನಿಗೆ ಮುಂಗಡ ಕಮಿಷನ್ ಕೊಟ್ಟರೆ, ಪಾಲಿಸಿ ನಿಂತುಹೋದಾಗ ಅದು ವಾಪಸ್ ಬರುತ್ತದೆಯೇ?

ಒಂದು ಮಾತು ಮೊದಲೇ ಹೇಳಿಬಿಡಬೇಕು. ಎಚ್-1ಬಿ ವೀಸಾದಲ್ಲಿ ಇರುವವರು ಬಿಡುವಿನ ವೇಳೆಯಲ್ಲಿ ಏಜೆಂಟ್ ಕೆಲಸ ಮಾಡುವಂತಿಲ್ಲ. ಆ ವೀಸಾ ಅದನ್ನು ಕೊಡಿಸಿದ ಉದ್ಯೋಗದಾತರ ಕೆಲಸಕ್ಕೆ ಮಾತ್ರ. ಕಮಿಷನ್ ಪಡೆಯುವುದೂ ಕೆಲಸವೇ. ಗ್ರೀನ್ ಕಾರ್ಡ್ ಇದ್ದವರಿಗೆ, ಕೆಲಸದ ಪರವಾನಗಿ ಕಾರ್ಡ್ ಪಡೆದ ಎಚ್-4ನವರಿಗೆ ಈ ತೊಡಕಿಲ್ಲ.

ಹಂತ 1: ನಿಮ್ಮ ಬಗ್ಗೆ ಅವರಿಗೆ ಏನು ಕಾಣುತ್ತದೋ ಅದನ್ನು ನೀವೇ ಮೊದಲು ನೋಡಿ

ಕ್ರೆಡಿಟ್ ದಾಖಲೆ ಇಡುವ ಸಂಸ್ಥೆಗಳಾದ ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಮೂರರ ರಿಪೋರ್ಟನ್ನೂ ಆನ್ಯುಯಲ್ ಕ್ರೆಡಿಟ್ ರಿಪೋರ್ಟ್ ಡಾಟ್ ಕಾಮ್‌ನಲ್ಲಿ ಉಚಿತವಾಗಿ ತೆಗೆಯಬಹುದು. ಮೂರನ್ನೂ ತೆಗೆಯಿರಿ, ಒಂದರಲ್ಲಿ ಇಲ್ಲದ ಕಲೆಕ್ಷನ್ ಖಾತೆ (ವಸೂಲಿಗೆ ಹೋದ ಸಾಲ) ಇನ್ನೊಂದರಲ್ಲಿ ಇರುತ್ತದೆ. ತೀರಿಸಿದ ಸಾಲ ಇನ್ನೂ ಬಾಕಿ ಎಂದೇ ಕಾಣುತ್ತಿದ್ದರೆ ಅಥವಾ ಬೇರೆಯವರ ಖಾತೆ ನಿಮ್ಮ ಹೆಸರಿಗೆ ಸೇರಿಕೊಂಡಿದ್ದರೆ ಆಗಲೇ ತಕರಾರು ಸಲ್ಲಿಸಿ. ವಿಚಾರಣೆಗೆ ಸಾಮಾನ್ಯವಾಗಿ 30 ದಿನ ಹಿಡಿಯುತ್ತದೆ, ಹಾಗಾಗಿ ಪರೀಕ್ಷೆಗೆ ಓದಲು ಶುರುಮಾಡಿದ ವಾರವೇ ಈ ಕೆಲಸ ಮುಗಿಸಿದರೆ ಒಳ್ಳೆಯದು.

ಇಲ್ಲಿ ಬಹಳ ಮಂದಿ ಮೋಸ ಹೋಗುವ ಒಂದು ಸಂಗತಿ ಇದೆ. 2017ರ ಜುಲೈಯಿಂದ ಹೆಚ್ಚಿನ ಸಿವಿಲ್ ಕೋರ್ಟ್ ತೀರ್ಪುಗಳನ್ನೂ, 2018ರ ಏಪ್ರಿಲ್ ಹೊತ್ತಿಗೆ ತೆರಿಗೆ ಬಾಕಿಗಾಗಿ ಆಸ್ತಿಯ ಮೇಲೆ ಸರ್ಕಾರ ಹೂಡುವ ಹಕ್ಕಾದ ಲೀನ್‌ಗಳನ್ನೂ ಈ ಮೂರೂ ಸಂಸ್ಥೆಗಳು ಕ್ರೆಡಿಟ್ ರಿಪೋರ್ಟಿನಿಂದ ತೆಗೆದುಹಾಕಿವೆ. ರಿಪೋರ್ಟಿನಲ್ಲಿ ಇಲ್ಲ ಎಂದರೆ ಯಾರಿಗೂ ಗೊತ್ತಿಲ್ಲ ಎಂದುಕೊಂಡರೆ ಕೆಟ್ಟಿರಿ. ಫೆಡರಲ್ ತೆರಿಗೆ ಲೀನ್ ನೋಟಿಸ್ ಸಾರ್ವಜನಿಕ ದಾಖಲೆ. ಕೌಂಟಿ ಅಥವಾ ರಾಜ್ಯದ ಕಚೇರಿಯಲ್ಲಿ ದಾಖಲಾಗುತ್ತದೆ. ವಿಮಾ ಕಂಪನಿ ಮಾಡಿಸುವ ಬ್ಯಾಕ್‌ಗ್ರೌಂಡ್ ಚೆಕ್ ಇಂಥ ದಾಖಲೆಗಳನ್ನೇ ಜಾಲಾಡುತ್ತದೆ. ಕೌಂಟಿ ರೆಕಾರ್ಡರ್ ಕಚೇರಿಯ ವೆಬ್‌ಸೈಟಿನಲ್ಲಿ ನಿಮ್ಮ ಹೆಸರು ಹುಡುಕಿ. ಹಿಂದೆ ಬೇರೆ ಕೌಂಟಿಯಲ್ಲಿ ಇದ್ದಿದ್ದರೆ ಅಲ್ಲೂ ಹುಡುಕಿ.

ತೆರಿಗೆಯ ಮಟ್ಟಿಗೆ ಫೆಡರಲ್ ತೆರಿಗೆ ಇಲಾಖೆಯಾದ ಐಆರ್‌ಎಸ್‌ನ ಆನ್‌ಲೈನ್ ಖಾತೆ ತೆರೆದು ಪ್ರತಿ ವರ್ಷದ ಅಕೌಂಟ್ ಟ್ರಾನ್ಸ್‌ಕ್ರಿಪ್ಟ್ ಇಳಿಸಿಕೊಳ್ಳಿ. ಒಟ್ಟು ಬಾಕಿಯಲ್ಲಿ ಅಸಲು ಎಷ್ಟು, ದಂಡ ಎಷ್ಟು, ಬಡ್ಡಿ ಎಷ್ಟು ಎಂಬುದು ಅದರಲ್ಲಿ ಗೊತ್ತಾಗುತ್ತದೆ. ಯಾವ ವರ್ಷದ ರಿಟರ್ನ್ ಸಲ್ಲಿಸಿಯೇ ಇಲ್ಲ ಎಂಬುದೂ ತಿಳಿಯುತ್ತದೆ. ರಾಜ್ಯದ ತೆರಿಗೆ ಇಲಾಖೆಯ ಖಾತೆಯನ್ನು ಬೇರೆಯಾಗಿ ನೋಡಬೇಕು. ಲೈಸೆನ್ಸಿನ ವಿಷಯದಲ್ಲಿ ನಿಜವಾದ ತಲೆನೋವು ರಾಜ್ಯದ ಬಾಕಿಯೇ.

ಮೊದಲು ಏಜೆಂಟ್ ಆಗಿದ್ದು ಬಿಟ್ಟವರು ಇನ್ನೊಂದನ್ನೂ ನೋಡಬೇಕು: ವೆಕ್ಟರ್ ಒನ್ ನಡೆಸುವ ಡೆಬಿಟ್-ಚೆಕ್. ಮುಂಗಡ ಕಮಿಷನ್ ಪಡೆದು ವಾಪಸ್ ಕೊಡದ ಏಜೆಂಟರ ಹೆಸರನ್ನು ಕಂಪನಿಗಳು ಅಲ್ಲಿ ದಾಖಲಿಸುತ್ತವೆ. ಮನೆ ಸಾಲ ಕಟ್ಟದವರನ್ನಾದರೂ ಕಂಪನಿಗಳು ಒಪ್ಪಿಕೊಂಡಾವು, ಇನ್ನೊಂದು ವಿಮಾ ಕಂಪನಿಗೆ ಬಾಕಿ ಇಟ್ಟವರನ್ನು ಒಪ್ಪುವುದು ಕಷ್ಟ. ಅಲ್ಲಿ ಹೆಸರಿದ್ದರೆ ಆ ಹಳೆಯ ಕಂಪನಿಗೇ ಫೋನ್ ಮಾಡಿ, ಚೌಕಾಶಿ ಮಾಡಿ ತೀರಿಸಿ, ತೀರಿದ ಪತ್ರ ಪಡೆದ ಮೇಲೆ ಮುಂದಿನ ಹೆಜ್ಜೆ ಇಡಿ.

ಹಂತ 2: ಬಾಕಿ ತೀರುವವರೆಗೆ ಕಾಯಬೇಡಿ, ಕರಾರು ಮಾಡಿಕೊಳ್ಳಿ

ಏಕರೂಪ ಅರ್ಜಿಯ ನಾಲ್ಕನೇ ಪ್ರಶ್ನೆ ಕೇಳುವುದು ಸುಮಾರಾಗಿ ಹೀಗೆ: ನೀವು ಅರ್ಜಿ ಹಾಕುತ್ತಿರುವ ರಾಜ್ಯ, ಮರುಪಾವತಿ ಕರಾರಿಗೆ ಒಳಪಡದ ತೆರಿಗೆ ಬಾಕಿ ಇದೆ ಎಂದು ನಿಮಗೆ ತಿಳಿಸಿದೆಯೇ? ‘ಮರುಪಾವತಿ ಕರಾರಿಗೆ ಒಳಪಡದ’ ಎಂಬ ಮಾತಿನ ಮೇಲೆಯೇ ಎಲ್ಲ ನಿಂತಿದೆ. ಹತ್ತು ಸಾವಿರ ಡಾಲರ್ ಬಾಕಿ ಇದ್ದು, ತಿಂಗಳ ಕಂತಿನ ಕರಾರು ಜಾರಿಯಲ್ಲಿದ್ದರೆ ‘ಇಲ್ಲ’ ಎಂಬುದು ಸತ್ಯವಾದ ಉತ್ತರ. ಬರೀ ಎಂಟುನೂರು ಡಾಲರ್ ಬಾಕಿ, ಆದರೆ ಬಂದ ನೋಟಿಸನ್ನು ಒಡೆದೂ ನೋಡಿಲ್ಲ ಎಂದಾದರೆ ‘ಹೌದು’ ಎನ್ನಬೇಕಾಗುತ್ತದೆ. ಹೆಚ್ಚಿನ ರಾಜ್ಯಗಳ ಕಾನೂನಿಗೆ ಮಾದರಿಯಾದ, ರಾಜ್ಯಗಳ ವಿಮಾ ಅಧಿಕಾರಿಗಳ ಸಂಘವಾದ ಎನ್‌ಎಐಸಿಯ ಪ್ರೊಡ್ಯೂಸರ್ (ಏಜೆಂಟ್) ಲೈಸೆನ್ಸಿಂಗ್ ಮಾದರಿ ಕಾಯ್ದೆಯಲ್ಲೂ ಲೈಸೆನ್ಸ್ ನಿರಾಕರಿಸುವ ಕಾರಣಗಳಲ್ಲಿ ರಾಜ್ಯದ ಆದಾಯ ತೆರಿಗೆ ಕಟ್ಟದಿರುವುದು ಒಂದು. ಆದ್ದರಿಂದ ಕೈಯಲ್ಲಿ ಇರುವ ಹಣ ಕಡಿಮೆಯಿದ್ದರೆ ರಾಜ್ಯದ ಬಾಕಿಗೆ ಮೊದಲು ಕರಾರು ಮಾಡಿಸಿ, ಆಮೇಲೆ ಐಆರ್‌ಎಸ್.

ಐಆರ್‌ಎಸ್ ಜೊತೆ ಕರಾರು ಮಾಡಿಕೊಳ್ಳುವ ಕ್ರಮ ಹೀಗೆ. ಬಾಕಿ ಉಳಿದ ರಿಟರ್ನ್‌ಗಳನ್ನೆಲ್ಲ ಮೊದಲು ಸಲ್ಲಿಸಿ; ಅದಾಗದೆ ಕಂತಿನ ಮಾತೇ ಇಲ್ಲ. ಕಟ್ಟಲು ದುಡ್ಡಿಲ್ಲವೆಂದು ರಿಟರ್ನ್ ಸಲ್ಲಿಸದೆ ಇರುವುದು ದುಬಾರಿ ತಪ್ಪು: ಸಲ್ಲಿಸದಿದ್ದಕ್ಕೆ ದಂಡ ತಿಂಗಳಿಗೆ 5%, ಗರಿಷ್ಠ 25%. ಸಲ್ಲಿಸಿಯೂ ಕಟ್ಟದಿದ್ದಕ್ಕೆ ತಿಂಗಳಿಗೆ 0.5% ಮಾತ್ರ. ಸಕಾಲದಲ್ಲಿ ಸಲ್ಲಿಸಿದ ರಿಟರ್ನಿಗೆ ಕಂತಿನ ಕರಾರು ಆದ ಮೇಲೆ ಅದೂ 0.25%ಕ್ಕೆ ಇಳಿಯುತ್ತದೆ. ಅಸಲು, ದಂಡ, ಬಡ್ಡಿ ಎಲ್ಲ ಸೇರಿ 50,000 ಡಾಲರ್ ಮೀರದಿದ್ದರೆ ದೀರ್ಘಾವಧಿ ಕಂತಿಗೆ ಆನ್‌ಲೈನಿನಲ್ಲೇ ಅರ್ಜಿ ಹಾಕಬಹುದು. ಕಾಗದದ ಮೂಲಕ ಹೋಗುವವರಿಗೆ ಫಾರ್ಮ್ 9465 ಇದೆ. 180 ದಿನದೊಳಗೆ ಪೂರ್ತಿ ಕಟ್ಟಬಲ್ಲಿರಾದರೆ 1,00,000 ಡಾಲರ್‌ಗಿಂತ ಕಡಿಮೆ ಬಾಕಿಗೆ ಅಲ್ಪಾವಧಿ ಯೋಜನೆಯೂ ಉಂಟು.

ಕಂತಿನ ಮೊತ್ತ ಹೇಳುವಾಗ ಹುಮ್ಮಸ್ಸು ಬೇಡ. ಹೊಸ ಏಜೆಂಟರಿಗೆ ಮೊದಲ ಆರು ತಿಂಗಳ ಆದಾಯ ಏರುಪೇರು. ಈಗಿನ ಸಂಬಳದಲ್ಲಿ ಸಲೀಸಾಗಿ ಕಟ್ಟಬಲ್ಲ ಮೊತ್ತ ಹೇಳಿ, ಬ್ಯಾಂಕ್ ಖಾತೆಯಿಂದ ತಾನಾಗಿ ಕಡಿತವಾಗುವ ವ್ಯವಸ್ಥೆ ಆರಿಸಿ. ಇದರಿಂದ ಮತ್ತೊಂದು ಲಾಭವಿದೆ. ಬಾಕಿ 25,000 ಡಾಲರ್ ಅಥವಾ ಅದಕ್ಕಿಂತ ಕಡಿಮೆ ಇದ್ದು, ನೇರ ಕಡಿತದ ಮೂರು ಕಂತು ತಪ್ಪದೆ ಸಂದಾಯವಾದ ಮೇಲೆ, ಉಳಿದ ಷರತ್ತುಗಳೂ ಹೊಂದಿದರೆ ಫಾರ್ಮ್ 12277 ಹಾಕಿ ಲೀನ್ ನೋಟಿಸನ್ನೇ ಹಿಂತೆಗೆಸಿಕೊಳ್ಳಲು ಕೇಳಬಹುದು. ಬಾಕಿ ತೀರಿದ ಮೇಲೆ ಆಗುವ ‘ಬಿಡುಗಡೆ’ಯೇ ಬೇರೆ, ಈ ‘ಹಿಂತೆಗೆತ’ವೇ ಬೇರೆ. ಬಿಡುಗಡೆಯಲ್ಲಿ ಲೀನ್ ಇತ್ತು, ತೀರಿತು ಎಂಬ ದಾಖಲೆ ಉಳಿಯುತ್ತದೆ. ಹಿಂತೆಗೆತದಲ್ಲಿ ನೋಟಿಸ್ ದಾಖಲಾಗಿಯೇ ಇರಲಿಲ್ಲ ಎಂಬಂತೆ ಪರಿಗಣಿಸುತ್ತಾರೆ. ಕಂಪನಿಯ ತಪಾಸಕರಿಗೆ ತೋರಿಸಲು ಎರಡನೆಯದೇ ಮೇಲು.

ಬಾಕಿಯ ಒಂದು ಭಾಗಕ್ಕೇ ರಾಜಿ ಮಾಡಿಕೊಳ್ಳುವ ಆಫರ್ ಇನ್ ಕಾಂಪ್ರಮೈಸ್, ಅಂದರೆ ಫಾರ್ಮ್ 656, ಇದೆ. ಟಿವಿ ಜಾಹೀರಾತು ಹೇಳುವಷ್ಟು ಸುಲಭವಲ್ಲ. ತಿಂಗಳುಗಟ್ಟಲೆ ಎಳೆಯುತ್ತದೆ, ನಿಮ್ಮ ಆಸ್ತಿ, ಆದಾಯ, ಖರ್ಚು ಎಲ್ಲವನ್ನೂ ಬಿಡಿಸಿ ಬರೆಯಬೇಕು. ಲೈಸೆನ್ಸಿಗಾಗಿ ಅವಸರವಿದ್ದರೆ ಅದನ್ನು ನೆಚ್ಚಿಕೊಳ್ಳಬೇಡಿ.

ಹಂತ 3: ಅರ್ಜಿಯ ಪ್ರಶ್ನೆಗಳನ್ನು ಪದ ಪದ ಬಿಡಿಸಿ ಓದಿ

ಅರ್ಜಿ ಹೆಚ್ಚಾಗಿ ಎನ್‌ಐಪಿಆರ್ ಅಥವಾ ಸಿರ್ಕಾನ್ ತಾಣದ ಮೂಲಕ ಹೋಗುತ್ತದೆ. ಹಣಕಾಸಿಗೆ ಸಂಬಂಧಿಸಿದ ಪ್ರಶ್ನೆಗಳು ಕೆಲವೇ. ಮೂರನೆಯದು, ವಿಮಾ ಕಂಪನಿಗೋ ಗ್ರಾಹಕರಿಗೋ ಇನ್ನೊಬ್ಬ ಏಜೆಂಟರಿಗೋ ಕೊಡಬೇಕಾದ ಹಣ ಬಾಕಿ ಇದೆಯೆಂದು ಬೇಡಿಕೆ ಬಂದಿದೆಯೇ ಅಥವಾ ತೀರ್ಪಾಗಿದೆಯೇ, ದಿವಾಳಿ ಪ್ರಕರಣ ಇದೆಯೇ ಎಂದು ಕೇಳುತ್ತದೆ. ಆದರೆ ಅಲ್ಲಿಯೇ ಸ್ಪಷ್ಟವಾಗಿ ಬರೆದಿದೆ: ಬೇರೆಯವರ ಪರವಾಗಿ ಇಟ್ಟುಕೊಂಡ ಹಣ ಒಳಗೊಂಡಿಲ್ಲದಿದ್ದರೆ ವೈಯಕ್ತಿಕ ದಿವಾಳಿಯನ್ನು ಸೇರಿಸಬೇಡಿ ಎಂದು. ಪ್ರಾಮಾಣಿಕತೆಯ ಭರದಲ್ಲಿ ಕೇಳದೇ ಇದ್ದದ್ದನ್ನೂ ಬರೆದರೆ ಅರ್ಜಿ ಕೈಯಿಂದ ಪರಿಶೀಲಿಸುವ ಸಾಲಿಗೆ ಹೋಗಿ ವಾರಗಟ್ಟಲೆ ಕೂರುತ್ತದೆ. ನಾಲ್ಕನೆಯದು ಮೇಲೆ ಹೇಳಿದ ತೆರಿಗೆ. ಏಳನೆಯದು ಮಕ್ಕಳ ಜೀವನಾಂಶದ ಬಾಕಿ. ಎಷ್ಟು ತಿಂಗಳದ್ದು, ಕರಾರು ಇದೆಯೇ ಎಂದು ಕೇಳುತ್ತದೆ.

ಪ್ರಶ್ನೆ ಹೇಳುವುದು ಅರ್ಜಿ ಹಾಕುತ್ತಿರುವ ರಾಜ್ಯದ ತೆರಿಗೆಯನ್ನು. ಐಆರ್‌ಎಸ್ ಬಾಕಿ ಮಾತ್ರ ಇದ್ದು, ಉತ್ತರ ಏನೆಂದು ಸಂಶಯ ಬಂದರೆ ಇಲಾಖೆಗೆ ಇಮೇಲ್ ಮಾಡಿ ಕೇಳಿ, ಅವರ ಉತ್ತರವನ್ನು ಜೋಪಾನವಾಗಿಡಿ. ಫೋನಿನಲ್ಲಿ ಸಿಕ್ಕ ಉತ್ತರಕ್ಕೆ ಸಾಕ್ಷಿ ಇರುವುದಿಲ್ಲ. ಕೆಲವು ರಾಜ್ಯಗಳು ತಮ್ಮದೇ ಹೆಚ್ಚುವರಿ ಪ್ರಶ್ನೆಗಳನ್ನು ಸೇರಿಸುವುದೂ ಉಂಟು.

ಸುಳ್ಳು ಹೇಳಿ ಸಿಕ್ಕಿಬಿದ್ದರೆ ಬಾಕಿಗಿಂತ ದೊಡ್ಡ ಗಂಡಾಂತರ. ತಪ್ಪು, ಅಪೂರ್ಣ ಅಥವಾ ದಾರಿತಪ್ಪಿಸುವ ಮಾಹಿತಿ ಕೊಡುವುದು ಮಾದರಿ ಕಾಯ್ದೆಯ ಪ್ರಕಾರ ತಾನೇ ಪ್ರತ್ಯೇಕ ನಿರಾಕರಣೆಯ ಕಾರಣ. ಕ್ಷಮಿಸಬಹುದಾಗಿದ್ದ ಎರಡು ಸಾವಿರ ಡಾಲರ್ ಬಾಕಿ, ಮುಚ್ಚಿಟ್ಟ ಒಂದೇ ಕಾರಣಕ್ಕೆ ‘ವಿಶ್ವಾಸಕ್ಕೆ ಅರ್ಹರಲ್ಲ’ ಎಂಬ ಷರಾ ಆಗಿ ಕೂರುತ್ತದೆ.

ದಿವಾಳಿಯಾದವರಿಗೆ ಕಾನೂನಿನ ಒಂದು ಆಸರೆ ಇದೆ. ಫೆಡರಲ್ ದಿವಾಳಿ ಸಂಹಿತೆಯ 525ನೇ ಸೆಕ್ಷನ್ ಪ್ರಕಾರ, ದಿವಾಳಿ ಅರ್ಜಿ ಹಾಕಿದ್ದು ಎಂಬ ಒಂದೇ ಕಾರಣಕ್ಕೆ ಸರ್ಕಾರಿ ಸಂಸ್ಥೆ ಲೈಸೆನ್ಸ್ ನಿರಾಕರಿಸುವಂತಿಲ್ಲ. ಖಾಸಗಿ ವಿಮಾ ಕಂಪನಿ ಒಪ್ಪಂದ ನಿರಾಕರಿಸಿದರೆ ಈ ಆಸರೆಯನ್ನು ನೆಚ್ಚಲಾಗದು.

ಇನ್ನೊಂದು ಗೆರೆ ಎಳೆಯಬೇಕು. ತೆರಿಗೆ ಬಾಕಿ ಅಪರಾಧವಲ್ಲ, ತೆರಿಗೆ ವಂಚನೆ ಅಪರಾಧ. ವಂಚನೆಗಾಗಿ ಫೆಲನಿ (ಗಂಭೀರ ದರ್ಜೆಯ ಅಪರಾಧ) ಶಿಕ್ಷೆಯಾಗಿದ್ದರೆ ಈ ಮಾರ್ಗದರ್ಶಿ ಸಾಲದು. ಅಪ್ರಾಮಾಣಿಕತೆ ಅಥವಾ ವಿಶ್ವಾಸಘಾತದ ಫೆಲನಿ ಇರುವವರು ವಿಮಾ ವ್ಯವಹಾರಕ್ಕೆ ಇಳಿಯಲು ಫೆಡರಲ್ ಕಾನೂನಿನ 1033ನೇ ಸೆಕ್ಷನ್ ಪ್ರಕಾರ ರಾಜ್ಯದ ವಿಮಾ ಅಧಿಕಾರಿಯ ಲಿಖಿತ ಸಮ್ಮತಿ ಬೇಕು. ಅದಿಲ್ಲದೆ ಕೆಲಸ ಮಾಡುವುದೇ ಮತ್ತೊಂದು ಅಪರಾಧ. ವಕೀಲರನ್ನು ಕಾಣಿ.

ಹಂತ 4: ವಿವರಣೆ ಪತ್ರ

‘ಹೌದು’ ಎಂದು ಉತ್ತರಿಸಿದ ಪ್ರತಿ ಪ್ರಶ್ನೆಗೂ ಸಹಿ, ತಾರೀಖು ಇರುವ ಪತ್ರ, ಜೊತೆಗೆ ದಾಖಲೆಗಳು ಬೇಕು. ಕಂಪನಿಗೂ ಇದೇ ಪತ್ರ ಸ್ವಲ್ಪ ಬದಲಾಗಿ ಉಪಯೋಗಕ್ಕೆ ಬರುತ್ತದೆ. ಒಂದು ಪುಟ ಮೀರದಿರಲಿ. ಓದುವ ಅಧಿಕಾರಿಗೆ ನಿಮ್ಮ ಕಷ್ಟದ ಕಥೆಗಿಂತ ತಾರೀಖು, ಮೊತ್ತ, ಈಗಿನ ಸ್ಥಿತಿ ಮುಖ್ಯ. ಪತ್ರದ ತಿರುಳು ಇಷ್ಟಿದ್ದರೆ ಸಾಕು:

‘2021 ಮತ್ತು 2022ರ ರಾಜ್ಯ ಆದಾಯ ತೆರಿಗೆ ಒಟ್ಟು 6,400 ಡಾಲರ್ ಬಾಕಿ ಉಳಿಯಿತು. ಆ ಎರಡು ವರ್ಷ ಗುತ್ತಿಗೆ ಕೆಲಸದ ಆದಾಯಕ್ಕೆ ಮುಂಗಡ ತೆರಿಗೆ ಕಟ್ಟಿರಲಿಲ್ಲ. ಎರಡೂ ರಿಟರ್ನ್ ಸಲ್ಲಿಕೆಯಾಗಿವೆ. ತಿಂಗಳಿಗೆ 180 ಡಾಲರ್‌ನ ಕರಾರು ಜಾರಿಯಲ್ಲಿದೆ. ಈವರೆಗಿನ ಕಂತುಗಳೆಲ್ಲ ಸಕಾಲಕ್ಕೆ ಸಂದಿವೆ. ಕರಾರಿನ ಪ್ರತಿ, ಪಾವತಿ ದಾಖಲೆ ಲಗತ್ತಿಸಿದೆ. ಈಗ ಪ್ರತಿ ತ್ರೈಮಾಸಿಕ ಮುಂಗಡ ತೆರಿಗೆ ಕಟ್ಟುತ್ತಿದ್ದೇನೆ.’

ಈ ಪತ್ರದಲ್ಲಿ ಯಾರ ಮೇಲೂ ದೂರಿಲ್ಲ ಎಂಬುದನ್ನು ಗಮನಿಸಿ. ಲೆಕ್ಕಿಗ ಮೋಸ ಮಾಡಿದ, ಮಾಜಿ ಪತ್ನಿ ಹಾಳುಮಾಡಿದಳು ಎಂಬ ಸಾಲುಗಳು ನಿಜವೇ ಇದ್ದರೂ ಪತ್ರವನ್ನು ದುರ್ಬಲಗೊಳಿಸುತ್ತವೆ. ಕಾಯಿಲೆ, ಕೆಲಸ ಹೋದದ್ದು, ವಿಚ್ಛೇದನ, ಇವು ಕಾರಣವಾಗಿದ್ದರೆ ಒಂದು ವಾಕ್ಯದಲ್ಲಿ ಹೇಳಿ ಮುಂದೆ ಸಾಗಿ. ಕರಾರು ಆಗಿ ಎರಡು ಮೂರು ಕಂತು ಸಂದ ಮೇಲೆ ಅರ್ಜಿ ಹಾಕಿದರೆ ಪತ್ರಕ್ಕೆ ತೂಕ ಬರುತ್ತದೆ. ನಿನ್ನೆ ಮಾಡಿಕೊಂಡ ಕರಾರು ಬರೀ ಮಾತಿನಂತೆ ಕಾಣುತ್ತದೆ.

ಹಂತ 5: ಓದು, ಪರೀಕ್ಷೆ, ಬೆರಳಚ್ಚು

ಈ ಭಾಗದಲ್ಲಿ ಸಾಲ ಇದ್ದವರಿಗೂ ಇಲ್ಲದವರಿಗೂ ವ್ಯತ್ಯಾಸವಿಲ್ಲ. ಪೂರ್ವ ತರಬೇತಿಯ ಗಂಟೆಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆ: ಫ್ಲೋರಿಡಾದ ಜೀವ-ಆರೋಗ್ಯ ವಿಮೆಯ 2-15 ಲೈಸೆನ್ಸಿಗೆ 60 ಗಂಟೆ, ನ್ಯೂಯಾರ್ಕ್‌ನ ಜೀವ ಮತ್ತು ಆರೋಗ್ಯ ವಿಮೆ ಎರಡಕ್ಕೂ ಸೇರಿ 40 ಗಂಟೆ, ಟೆಕ್ಸಾಸ್‌ನ ಜೀವ-ಆರೋಗ್ಯ ಲೈಸೆನ್ಸಿಗೆ ಕಡ್ಡಾಯ ತರಬೇತಿಯೇ ಇಲ್ಲ. ಪಾಸಾಗಲು ಹೆಚ್ಚಿನ ಕಡೆ 70%. ಅಭ್ಯಾಸ ಪರೀಕ್ಷೆಗಳಲ್ಲಿ ಸತತವಾಗಿ 85% ಬರುವವರೆಗೆ ಶುಲ್ಕ ಕಟ್ಟಬೇಡಿ; ಮತ್ತೆ ಮತ್ತೆ ಕೂರುವ ಶುಲ್ಕ ಕೈ ಬಿಗಿ ಇರುವಾಗ ನೋಯಿಸುತ್ತದೆ. ಬೆರಳಚ್ಚು ಕೇಳುವ ರಾಜ್ಯಗಳಲ್ಲಿ ಅದು ಕ್ರಿಮಿನಲ್ ದಾಖಲೆಗಾಗಿ, ಸಾಲದ ದಾಖಲೆಗಾಗಿ ಅಲ್ಲ.

ಯಾವ ಲೈಸೆನ್ಸ್ ಎಂಬ ಆಯ್ಕೆಯಲ್ಲಿ ಮಾತ್ರ ಜಾಣತನ ಬೇಕು. ಕ್ರೆಡಿಟ್ ಹಾಳಾದವರಿಗೆ ಸುಲಭದ ದಾರಿ ಸಾಮಾನ್ಯವಾಗಿ ಜೀವ ಮತ್ತು ಆರೋಗ್ಯ ವಿಮೆ. ಅಲ್ಲಿ ಪ್ರೀಮಿಯಂ ನೇರವಾಗಿ ಗ್ರಾಹಕರ ಬ್ಯಾಂಕಿನಿಂದ ಕಂಪನಿಗೆ ಹೋಗುತ್ತದೆ, ಏಜೆಂಟರ ಕೈ ಸೋಕುವುದು ಕಡಿಮೆ. ಮನೆ, ವಾಹನ, ವ್ಯಾಪಾರದ ವಿಮೆಯಲ್ಲಿ ಏಜೆನ್ಸಿಯ ಟ್ರಸ್ಟ್ ಖಾತೆಯಲ್ಲಿ ಪ್ರೀಮಿಯಂ ಹಣ ನಿಲ್ಲುವುದುಂಟು, ಹಾಗಾಗಿ ತಪಾಸಣೆ ಬಿಗಿ. ಕ್ಯಾಲಿಫೋರ್ನಿಯಾದಲ್ಲಿ ಈ ವಿಭಾಗದ ಬ್ರೋಕರ್ ಆಗಿ ಕೆಲಸ ಮಾಡಲು 10,000 ಡಾಲರ್‌ನ ಜಾಮೀನು ಬಾಂಡ್ ಬೇಕು. ಬಾಂಡಿನ ದರ ನಿಮ್ಮ ಕ್ರೆಡಿಟ್ ನೋಡಿಯೇ ನಿಗದಿಯಾಗುತ್ತದೆ. ವೇರಿಯಬಲ್ ಆನ್ಯುಯಿಟಿ (ಹೂಡಿಕೆಗೆ ತಕ್ಕಂತೆ ಮೌಲ್ಯ ಏರಿಳಿಯುವ ಪಿಂಚಣಿ ಮಾದರಿಯ ಪಾಲಿಸಿ) ಮಾರಬೇಕೆಂದರೆ ಷೇರು ದಲ್ಲಾಳಿಗಳನ್ನು ನಿಯಂತ್ರಿಸುವ ಸಂಸ್ಥೆಯಾದ ಫಿನ್ರಾದ ನೋಂದಣಿಯೂ ಬೇಕು. ಅಲ್ಲಿನ ಫಾರ್ಮ್ ಯು4 ಕಳೆದ 10 ವರ್ಷದ ದಿವಾಳಿಯನ್ನೂ, ಸಾಲ ಕೊಟ್ಟವರೊಡನೆ ಮಾಡಿಕೊಂಡ ರಾಜಿಯನ್ನೂ, ತೀರದ ಲೀನ್ ಮತ್ತು ತೀರ್ಪುಗಳನ್ನೂ ಕೇಳುತ್ತದೆ. ಬರೆದದ್ದರಲ್ಲಿ ಬಹಳಷ್ಟು ಫಿನ್ರಾದ ಸಾರ್ವಜನಿಕ ತಾಣವಾದ ಬ್ರೋಕರ್‌ಚೆಕ್‌ನಲ್ಲಿ ಎಲ್ಲರಿಗೂ ಕಾಣುತ್ತದೆ. ಬಾಕಿ ತೀರುವವರೆಗೆ ಆ ಕಡೆ ಹೋಗದಿರುವುದೇ ಲೇಸು.

ಹಂತ 6: ಕಂಪನಿಯ ಒಪ್ಪಂದ, ನಿಜವಾದ ಜರಡಿ

ಕಂಪನಿಯ ಪ್ರಶ್ನಾವಳಿ ರಾಜ್ಯದ್ದಕ್ಕಿಂತ ಅಗಲ. ವೈಯಕ್ತಿಕ ದಿವಾಳಿ, ಐಆರ್‌ಎಸ್ ಲೀನ್, ಕಲೆಕ್ಷನ್, ಬೇರೆ ಕಂಪನಿಗೆ ಬಾಕಿ, ಎಲ್ಲವನ್ನೂ ಕೇಳುವುದುಂಟು. ರಾಜ್ಯದ ಅರ್ಜಿಯಲ್ಲಿ ನ್ಯಾಯವಾಗಿ ‘ಇಲ್ಲ’ ಎಂದದ್ದಕ್ಕೆ ಇಲ್ಲಿ ‘ಹೌದು’ ಬರಬಹುದು. ಅದು ವಿರೋಧಾಭಾಸವಲ್ಲ, ಪ್ರಶ್ನೆಯೇ ಬೇರೆ. ಒಂದರ ಉತ್ತರವನ್ನು ಇನ್ನೊಂದಕ್ಕೆ ನಕಲು ಮಾಡಬೇಡಿ.

ಒಂದೇ ಕಂಪನಿಗೆ ಬಂಧಿತರಾಗುವ ಏಜೆನ್ಸಿಗಳು, ಅದರಲ್ಲೂ ಕಚೇರಿ ತೆರೆಯಲು ಹಣದ ನೆರವು ಕೊಡುವವು, ಕ್ರೆಡಿಟ್ ವಿಷಯದಲ್ಲಿ ಬಲು ಬಿಗಿ. ಹಲವು ಕಂಪನಿಗಳ ಪಾಲಿಸಿ ಮಾರಿಸುವ ಮಾರ್ಕೆಟಿಂಗ್ ಸಂಸ್ಥೆಯ, ಅಂದರೆ ಐಎಂಒ ಅಥವಾ ಎಫ್‌ಎಂಒದ ಮೂಲಕ ಹೋಗುವುದು ಒಳ್ಳೆಯದು. ಸೇರುವ ಮುಂಚೆ ಅಲ್ಲಿನ ಕಾಂಟ್ರ್ಯಾಕ್ಟಿಂಗ್ ವಿಭಾಗದವರನ್ನೇ ನೇರವಾಗಿ ಕೇಳಿ: ಲೀನ್ ಇರುವವರನ್ನು ಯಾವ ಕಂಪನಿ ಒಪ್ಪುತ್ತದೆ, ದಿವಾಳಿ ಇತ್ಯರ್ಥವಾಗಿ ಎಷ್ಟು ವರ್ಷ ಆಗಿರಬೇಕು, ಮುಂಗಡವಿಲ್ಲದ ಒಪ್ಪಂದ ಇದೆಯೇ? ಅವರಿಗೆ ದಿನವೂ ಇದೇ ಕೆಲಸ, ಮುಜುಗರ ಬೇಡ. ಹತ್ತು ಕಂಪನಿಗೆ ಒಟ್ಟಿಗೇ ಅರ್ಜಿ ಹಾಕಿಸುವ ನೇಮಕಾತಿ ಮಾಡುವವರಿಂದ ದೂರವಿರಿ. ಮುಂದೆ ‘ಯಾವುದಾದರೂ ಕಂಪನಿ ನಿಮ್ಮನ್ನು ನಿರಾಕರಿಸಿದೆಯೇ’ ಎಂಬ ಪ್ರಶ್ನೆ ಎದುರಾದಾಗ ಆ ನಿರಾಕರಣೆಗಳೆಲ್ಲ ಲೆಕ್ಕಕ್ಕೆ ಬರುತ್ತವೆ.

ಕ್ರೆಡಿಟ್ ಸರಿಯಿಲ್ಲದವರಿಗೆ ಕಂಪನಿಗಳು ಹೆಚ್ಚಾಗಿ ಕೊಡುವುದು ‘ಆ್ಯಸ್-ಅರ್ನ್ಡ್’ ಒಪ್ಪಂದ: ಗ್ರಾಹಕ ಪ್ರೀಮಿಯಂ ಕಟ್ಟಿದಂತೆಲ್ಲ ಕಮಿಷನ್. ಇದನ್ನು ಅವಮಾನ ಎಂದು ತಿಳಿಯುವವರಿದ್ದಾರೆ. ನಮ್ಮ ಅಭಿಪ್ರಾಯದಲ್ಲಿ ತೆರಿಗೆ ಬಾಕಿ ಇರುವವರು ಮುಂಗಡ ಸಿಕ್ಕರೂ ಬೇಡ ಎನ್ನುವುದೇ ವಾಸಿ. ಲೆಕ್ಕ ನೋಡಿ. ತಿಂಗಳಿಗೆ 100 ಡಾಲರ್ ಪ್ರೀಮಿಯಂ, ಮೊದಲ ವರ್ಷದ ಕಮಿಷನ್ 80% ಎಂದುಕೊಳ್ಳಿ. ವರ್ಷಕ್ಕೆ 960, ತಿಂಗಳಿಗೆ 80 ಡಾಲರ್. ಒಂಬತ್ತು ತಿಂಗಳ ಮುಂಗಡ ಎಂದರೆ 720 ಡಾಲರ್ ಒಮ್ಮೆಗೇ ಕೈಗೆ ಬರುತ್ತದೆ. ಗ್ರಾಹಕ ಮೂರು ಕಂತು ಕಟ್ಟಿ ನಿಲ್ಲಿಸಿದರೆ ನೀವು ಗಳಿಸಿದ್ದು 240 ಮಾತ್ರ. ಉಳಿದ 480 ಡಾಲರ್ ಕಂಪನಿಗೆ ವಾಪಸ್ ಕೊಡಬೇಕಾದ ಚಾರ್ಜ್‌ಬ್ಯಾಕ್. ಇಂಥ ಐದು ಪಾಲಿಸಿ ಲ್ಯಾಪ್ಸ್ ಆದರೆ 2,400 ಡಾಲರ್ ಸಾಲ. ಆ ಹೊತ್ತಿಗೆ ಮುಂಗಡವೆಲ್ಲ ಬಾಡಿಗೆಗೆ, ಕಂತಿಗೆ ಹೋಗಿರುತ್ತದೆ. ಕಟ್ಟಲಾಗದಿದ್ದರೆ ಹೆಸರು ವೆಕ್ಟರ್ ದಾಖಲೆಗೆ, ಅಲ್ಲಿಗೆ ಉಳಿದ ಕಂಪನಿಗಳ ಬಾಗಿಲೂ ಮುಚ್ಚಿತು. ಆ್ಯಸ್-ಅರ್ನ್ಡ್‌ನಲ್ಲಿ ಈ ಗುಂಡಿಯೇ ಇಲ್ಲ. ಮೊದಲ ಕೆಲವು ತಿಂಗಳು ಬೇರೆ ಆದಾಯ ಬೇಕು ಎಂಬುದು ಅದರ ಬೆಲೆ, ಹಾಗಾಗಿ ಈಗಿನ ಕೆಲಸ ಬಿಡುವ ಮಾತು ಸದ್ಯಕ್ಕೆ ಬೇಡ.

ಉದ್ಯೋಗಿಯಾಗಿ ಸೇರುವವರಿಗೆ ಕ್ರೆಡಿಟ್ ರಿಪೋರ್ಟ್ ನೋಡಿ ನಿರಾಕರಿಸುವ ಮುಂಚೆ ರಿಪೋರ್ಟಿನ ಪ್ರತಿ, ಹಕ್ಕುಗಳ ಸಾರಾಂಶ ಕೊಡಬೇಕು ಎಂಬುದು ಫೇರ್ ಕ್ರೆಡಿಟ್ ರಿಪೋರ್ಟಿಂಗ್ ಕಾಯ್ದೆಯ ನಿಯಮ. ಆ ಪ್ರತಿ ಬಂದ ದಿನವೇ ನಿಮ್ಮ ವಿವರಣೆ ಪತ್ರ ಕಳಿಸಿ. ನಿರ್ಧಾರ ಇನ್ನೂ ಅಂತಿಮವಾಗಿರುವುದಿಲ್ಲ.

ರಾಜ್ಯ ನಿರಾಕರಿಸಿದರೆ

ನಿರಾಕರಣೆ ಪತ್ರದಲ್ಲಿ ಕಾರಣವೂ, ವಿಚಾರಣೆ ಕೋರಲು ಇರುವ ಗಡುವೂ ಇರುತ್ತವೆ. ಗಡುವು ಚಿಕ್ಕದು, ರಾಜ್ಯದಿಂದ ರಾಜ್ಯಕ್ಕೆ ಬೇರೆ. ಅಧಿಕೃತ ನಿರಾಕರಣೆ ಇತರ ರಾಜ್ಯಗಳೂ ನೋಡುವ ದಾಖಲೆಗೆ ಸೇರುತ್ತದೆ, ಮುಂದಿನ ಪ್ರತಿ ಅರ್ಜಿಯ ಎರಡನೇ ಪ್ರಶ್ನೆಗೆ ‘ಹೌದು’ ಎನ್ನಬೇಕಾಗುತ್ತದೆ. ಆದ್ದರಿಂದ ಪರಿಶೀಲನೆಯ ನಡುವೆ ಅಧಿಕಾರಿ ‘ಕರಾರು ಇಲ್ಲದೆ ಆಗದು’ ಎಂದು ಸೂಚನೆ ಕೊಟ್ಟರೆ, ಅರ್ಜಿ ಹಿಂತೆಗೆದುಕೊಂಡು ಕರಾರು ಮಾಡಿಸಿ ಮತ್ತೆ ಹಾಕಲು ಅವಕಾಶವಿದೆಯೇ ಎಂದು ಕೇಳಿ. ಶುಲ್ಕ ಹೋದರೂ ನಿಮ್ಮ ದಾಖಲೆ ಕೆಡದೆ ಉಳಿಯುತ್ತದೆ.

ಲೈಸೆನ್ಸ್ ಬಂದ ಮೇಲೆ ಕಾಯುವ ಹೊಂಡ

ಕಮಿಷನ್ ಹಣದಲ್ಲಿ ಯಾರೂ ತೆರಿಗೆ ಕಡಿದುಕೊಳ್ಳುವುದಿಲ್ಲ. ವರ್ಷದ ಕೊನೆಗೆ ಕಂಪನಿ ಕೊಟ್ಟ ಹಣದ ಲೆಕ್ಕ ತೋರಿಸುವ ಫಾರ್ಮ್ 1099-ಎನ್‌ಇಸಿ ಬರುತ್ತದೆ ಅಷ್ಟೆ. ಸ್ವಯಂ ಉದ್ಯೋಗ ತೆರಿಗೆಯೇ 15.3%, ಅದರ ಮೇಲೆ ಆದಾಯ ತೆರಿಗೆ. ಹಳೆಯ ಬಾಕಿಯ ಕಂತಿನ ಕರಾರಿಗೆ ಒಂದು ಷರತ್ತಿದೆ: ಮುಂದಿನ ಯಾವ ವರ್ಷವೂ ಹೊಸ ಬಾಕಿ ಆಗಬಾರದು. ಹೊಸ ಬಾಕಿ ಆಯಿತೆಂದರೆ ಕರಾರು ಮುರಿದುಬೀಳಬಹುದು. ರಾಜ್ಯದ ಕರಾರು ಮುರಿದರೆ ನಾಲ್ಕನೇ ಪ್ರಶ್ನೆಯ ಉತ್ತರವೂ ಬದಲಾಗುತ್ತದೆ, ಫೆಡರಲ್ ಕರಾರು ಮುರಿದರೆ ಐಆರ್‌ಎಸ್ ನೇರವಾಗಿ ವಿಮಾ ಕಂಪನಿಗೇ ಲೆವಿ ನೋಟಿಸ್ ಕಳಿಸಿ ನಿಮ್ಮ ಕಮಿಷನ್ ಹಿಡಿಯಲೂಬಹುದು.

ಆದ್ದರಿಂದ ಪ್ರತಿ ಕಮಿಷನ್ ಜಮಾ ಆದ ದಿನವೇ 25ರಿಂದ 30% ಬೇರೆ ಖಾತೆಗೆ ಸರಿಸಿ. 4,000 ಡಾಲರ್ ಬಂದರೆ ಸಾವಿರದಿಂದ ಸಾವಿರದ ಇನ್ನೂರು. ಆ ಖಾತೆಗೆ ಡೆಬಿಟ್ ಕಾರ್ಡ್ ಬೇಡ. ಮುಂಗಡ ತೆರಿಗೆ ಏಪ್ರಿಲ್ 15, ಜೂನ್ 15, ಸೆಪ್ಟೆಂಬರ್ 15, ಜನವರಿ 15ಕ್ಕೆ ಫಾರ್ಮ್ 1040-ಇಎಸ್ ಲೆಕ್ಕದಂತೆ ಕಟ್ಟಿ. ಲೀಡ್ (ಸಂಭಾವ್ಯ ಗ್ರಾಹಕರ ವಿವರ), ವೃತ್ತಿಯಲ್ಲಿ ಆಗುವ ತಪ್ಪುಗಳಿಗೆ ರಕ್ಷಣೆ ಕೊಡುವ ಇ ಆ್ಯಂಡ್ ಒ ವಿಮೆ, ಲೈಸೆನ್ಸ್ ನವೀಕರಣ, ಗ್ರಾಹಕರ ಭೇಟಿಗೆ ಓಡಿಸಿದ ಮೈಲಿಗಳು, ಎಲ್ಲದರ ಲೆಕ್ಕ ಆಯಾ ದಿನವೇ ಬರೆದಿಡಿ. ಖರ್ಚು ತೋರಿಸಲಾಗದೆ ಹೆಚ್ಚು ತೆರಿಗೆ ಕಟ್ಟುವ ಏಜೆಂಟರೇ ಜಾಸ್ತಿ. ಇನ್ನೊಂದು ವಿಷಯ, ಕಂತು ನಡೆಯುತ್ತಿರುವವರೆಗೆ ನಿಮಗೆ ಬರಬೇಕಾದ ಐಆರ್‌ಎಸ್ ರೀಫಂಡ್ ಹಳೆಯ ಬಾಕಿಗೇ ಜಮಾ ಆಗುತ್ತದೆ. ಅದು ಕಂತಿನ ಬದಲಿಗೆ ಅಲ್ಲ, ಕಂತಿನ ಜೊತೆಗೆ. ಆ ತಿಂಗಳ ಕಂತನ್ನು ಎಂದಿನಂತೆ ಕಟ್ಟಲೇಬೇಕು.